ಟ್ರಯಲ್ ರೂಮಿಗೆ ಹೋಗಲಿಲ್ಲ

8 ಏಪ್ರಿಲ್ 2025, ಮಂಗಳವಾರ, ರಾತ್ರಿ
ಬದಿಯಡ್ಕ

ಪಾಪು ಈಗಷ್ಟೇ ಮಲಗಿದ. ಕುತ್ತಿಗೆಯ ಸುತ್ತ ಬೆವರುಸಾಲೆ ಕೆಂಪಾಗಿ ಎದ್ದಿದೆ, ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿದ್ದಾನೆ. ಫ್ಯಾನ್ ಐದರಲ್ಲಿ ಇಟ್ಟರೂ ಬರುವುದು ಬಿಸಿ ಗಾಳಿಯೇ. ನಾನೂ ಮಲಗಬೇಕಿತ್ತು. ಆದರೆ ಇವತ್ತು ಬಟ್ಟೆ ಅಂಗಡಿಯ ಆ ಹುಡುಗಿ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ, ಬರೆದೇ ಬಿಡುತ್ತೇನೆ.

ವಿಷು ಹಬ್ಬಕ್ಕೆ ಇನ್ನು ಆರೇ ದಿನ, ಮಕ್ಕಳಿಗೆ ಬಟ್ಟೆ ಆಗಿರಲಿಲ್ಲ. ಇವರಿಗೆ ರಜೆ ಸಿಗಲಿಲ್ಲ. ದೊಡ್ಡವಳ ಕೈ ಹಿಡಿದು, ಪಾಪುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸಲ್ಲಿ ಕಾಸರಗೋಡಿಗೆ ಹೋದೆ. ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಅರ್ಧ ಗಂಟೆ ಆಗುವಾಗ ಪಾಪು ಅಳಲು ಶುರು ಮಾಡಿದ. ಹಸಿವಿನ ಅಳು, ನನಗೆ ಗೊತ್ತಾಗುತ್ತದೆ. ಮಕ್ಕಳ ಬಟ್ಟೆಯ ಕಡೆ ಗೋಡೆ ಪಕ್ಕ ಒಂದು ಸ್ಟೂಲ್ ಇತ್ತು. ಕೂತೆ, ಹಾಲು ಕೊಟ್ಟೆ. ಶಾಲು ಮುಚ್ಚಲಿಲ್ಲ.

ದೊಡ್ಡವಳ ಕಾಲಕ್ಕೆ ನಾನು ಎಷ್ಟು ಮುಚ್ಚುತ್ತಿದ್ದೆ ಅಂದರೆ, ಮದುವೆ ಮನೆಯಲ್ಲಿ ಪಾತ್ರೆ ಇಡುವ ಕೋಣೆಯಲ್ಲಿ, ಒಮ್ಮೆ ರೈಲಿನ ಬಾತ್‌ರೂಮಿನ ಬಾಗಿಲ ಹತ್ತಿರ ನಿಂತುಕೊಂಡು ಕೂಡ ಕುಡಿಸಿದ್ದೇನೆ. ಪಾಪು ಮುಚ್ಚಲು ಬಿಡುವುದಿಲ್ಲ. ಈ ಸೆಕೆಯಲ್ಲಿ ಮುಖದ ಮೇಲೆ ಬಟ್ಟೆ ಬಿದ್ದರೆ ಎರಡೇ ನಿಮಿಷಕ್ಕೆ ತಲೆ ಒದ್ದೆ, ಅವನು ಎಳೆದು ಬಿಸಾಡುತ್ತಾನೆ, ನಾನು ಮತ್ತೆ ಹಾಕುವುದು, ಅವನು ಮತ್ತೆ ಎಳೆಯುವುದು. ಆ ಜಗ್ಗಾಟ ನೋಡಿಯೇ ಜನ ತಿರುಗುತ್ತಾರೆ. ಸುಮ್ನೆ ಕೂತು ಕುಡಿಸಿದರೆ ಅರ್ಧ ಜನಕ್ಕೆ ಗೊತ್ತೂ ಆಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬಳು ಸೇಲ್ಸ್ ಹುಡುಗಿ ಬಂದಳು. "ಚೇಚೀ" ಎಂದು ಮಲಯಾಳದಲ್ಲಿ ಶುರು ಮಾಡಿದಳು. ನಾನು ದೊಡ್ಡವಳ ಹತ್ತಿರ ಮಾತಾಡಿದ್ದು ಕೇಳಿ ಕನ್ನಡಕ್ಕೆ ಬಂದಳು.

"ಅಕ್ಕಾ, ಟ್ರಯಲ್ ರೂಮ್ ಖಾಲಿ ಉಂಟು. ಅಲ್ಲಿ ಕೂತು ಕೊಡಬಹುದಿತ್ತು."

"ಬೇಡ. ಅಲ್ಲಿ ಅವನಿಗೆ ಸೆಕೆ ಆಗ್ತದೆ. ಇಲ್ಲೇ ಆಗ್ತದೆ ನನಗೆ."

"ಅಲ್ಲ ಅಕ್ಕಾ, ಇಲ್ಲಿ ಗಂಡಸರೆಲ್ಲ ಬರ್ತಾರಲ್ಲಾ..." ಎಂದು ಕೌಂಟರ್ ಕಡೆ ನೋಡಿದಳು.

"ನಿನ್ನನ್ನು ಕಳಿಸಿದ್ದು ಯಾರೋ ಅವರೇ ಬಂದು ಹೇಳ್ಲಿ. ನೀನು ಯಾಕೆ ಮಧ್ಯದಲ್ಲಿ ಸಿಕ್ಕಿ ಹಾಕ್ಕೊಳ್ತಿ?"

ಯಾರೂ ಬರಲಿಲ್ಲ. ನಾನು ಏಳಲಿಲ್ಲ, ಸಾರಿ ಅನ್ನಲೂ ಇಲ್ಲ. ಮಕ್ಕಳಾದ ಮೇಲೆ ನಾನು ಅದೆಷ್ಟು ಸಲ ಸಾರಿ ಹೇಳಿದ್ದೇನೆ ಅಂತ ಲೆಕ್ಕ ಇಲ್ಲ. ಬಸ್ಸಲ್ಲಿ ಅವನ ಕಾಲು ತಾಗಿದರೆ ಸಾರಿ, ಭಜನೆಯಲ್ಲಿ ಅತ್ತರೆ ಸಾರಿ, ಹೋಟೆಲಲ್ಲಿ ಅನ್ನ ಚೆಲ್ಲಿದರೆ ಸಾರಿ. ಇವರು ಮಗುವನ್ನು ಎತ್ತಿಕೊಂಡು ಹೋದರೆ ಜನ ನಕ್ಕು ಮಾತಾಡಿಸುತ್ತಾರೆ, ಸೀಟು ಕೊಡುತ್ತಾರೆ. ಅದೇ ಮಗು, ಅದೇ ಅಳು.

ಆ ಹುಡುಗಿ ಹೋಗಲಿಲ್ಲ. ಪಕ್ಕದಲ್ಲೇ ನಿಂತು ಫ್ರಾಕು ಮಡಚುತ್ತಿದ್ದಳು.

"ಎಷ್ಟು ತಿಂಗಳಾಯ್ತು?"

"ಹತ್ತು."

"ನನ್ನದಕ್ಕೆ ಏಳು."

ನಾನು ತಲೆಯೆತ್ತಿ ಸರಿಯಾಗಿ ನೋಡಿದ್ದು ಆಗಲೇ. ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಮಗು ಅವಳ ಅಮ್ಮನ ಹತ್ತಿರ. ಬೆಳಿಗ್ಗೆ ಎಂಟೂವರೆಗೆ ಕುಡಿಸಿ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು. ಮೂರು ಗಂಟೆ ಆಗುವಾಗ ಎದೆ ಕಲ್ಲಿನ ಹಾಗೆ ಆಗ್ತದೆ ಎಂದಳು. ಆಗ ಅವಳು ಟ್ರಯಲ್ ರೂಮಿಗೆ ಹೋಗಿ ಹಾಲನ್ನು ಬೈರಾಸಿಗೆ, ಅಂದರೆ ಟವೆಲಿಗೆ, ಹಿಂಡಿ ಬರುತ್ತಾಳಂತೆ.

"ಆ ರೂಮ್ ನನಗೆ ಗೊತ್ತುಂಟು ಅಕ್ಕಾ. ಅದ್ರಲ್ಲಿ ಗಾಳಿಯೇ ಇಲ್ಲ. ನಿಮಗೆ ಅಲ್ಲಿ ಹೋಗಿ ಅಂತ ಹೇಳ್ಲಿಕ್ಕೆ ಮನಸ್ಸೇ ಇರ್ಲಿಲ್ಲ."

"ಹಾಲು ಎಂತ ಮಾಡ್ತಿ?"

"ಎಂತ ಮಾಡುದು. ಬೈರಾಸು ತೊಳೀತೇನೆ."

ನನಗೆ ಮಾತು ಹೊರಡಲಿಲ್ಲ. ಕಡೆಗೆ, ದಿನವಿಡೀ ನಿಲ್ಲಬೇಕಾ, ಕೂರಲು ಬಿಡುತ್ತಾರಾ ಎಂದು ಕೇಳಿದೆ.

"ಒಂದು ಸ್ಟೂಲ್ ಉಂಟು. ನೀವು ಕೂತದ್ದೇ ಅದು."

ಗಡಬಡಿಸಿ ಏಳಲು ಹೋದೆ. ಭುಜ ಹಿಡಿದು ಕೂರಿಸಿದಳು. "ಕೂತ್ಕೊಳ್ಳಿ, ಅವನಿಗೆ ಎಡೆಯಲ್ಲಿ ಬಿಟ್ಟದ್ದಾಗ್ತದೆ."

ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಆ ಒಂದು ಸ್ಟೂಲು ಕೂಡ ಸುಮ್ನೆ ಸಿಕ್ಕಿದ್ದಲ್ಲ. ಕೋಝಿಕ್ಕೋಡಿನಲ್ಲಿ ಪಿ. ವಿಜಿ ಮತ್ತು ಅವರ ಜೊತೆಯ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು. ಅದೇ ವರ್ಷ ಮಾರ್ಚಿನಲ್ಲಿ ಮಲಯಾಳದ ‘ಗೃಹಲಕ್ಷ್ಮಿ’ ಪತ್ರಿಕೆಯ ಮುಖಪುಟದಲ್ಲಿ ಮಗುವಿಗೆ ಹಾಲು ಕೊಡುವ ಹೆಣ್ಣಿನ ಫೋಟೋ ಬಂದದ್ದು. ಆಗ ದೊಡ್ಡವಳು ಹೊಟ್ಟೆಯಲ್ಲಿದ್ದಳು. ಡಾಕ್ಟರ ಹತ್ತಿರ ಕಾಯುವಾಗ ಆ ಪತ್ರಿಕೆ ನೋಡಿ, ಯಾರಾದರೂ ನೋಡಿಯಾರು ಎಂದು ನಾನೇ ಮಗುಚಿ ಇಟ್ಟಿದ್ದೆ. ಆ ಫೋಟೋದ ಮೇಲೆ ಕೇಸು ಹಾಕಿದರು, ಅದರಲ್ಲಿ ಅಶ್ಲೀಲ ಏನೂ ಇಲ್ಲವೆಂದು ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಮೊನ್ನೆ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ನಮ್ಮ ಬಿ.ವಿ. ನಾಗರತ್ನ ಅವರು ಇದ್ದ ಪೀಠ, ಜನ ಸೇರುವ ಕಡೆಗಳಲ್ಲಿ ಹಾಲು ಕುಡಿಸಲು ಜಾಗ ಬೇಕು ಎಂದಿತು. ಒಳ್ಳೆ ಗಾಳಿ ಬೆಳಕಿನ ಕೋಣೆ ಇದ್ದರೆ ನಾನೂ ಹೋಗುತ್ತೇನೆ, ಆ ಹುಡುಗಿಗಂತೂ ಅದು ಬೇಕೇ ಬೇಕು. ಆದರೆ ಕೋಣೆ ಉಂಟು ಎಂದು ಹೇಳಿ ನಮ್ಮನ್ನು ಒಳಗೆ ದೂಡುವುದು ಬೇಡ.

ಬಟ್ಟೆಯ ವಿಷಯ ಹೇಳಬೇಕು, ಯಾಕೆಂದರೆ ಇವತ್ತಿನ ಬಟ್ಟೆ ಆರಿಸಿದ್ದೆಲ್ಲ ಅವಳೇ. ನಾನು ಪಾಪುವಿಗೆ ಬಲೆಬಟ್ಟೆಯ ಅಂಚಿದ್ದ ಒಂದು ಜೋಡಿ ಹಿಡಿದಿದ್ದೆ. ಅವಳು ಒಳಮೈ ತಿರುಗಿಸಿ ಹೊಲಿಗೆಯನ್ನು ನನ್ನ ಕೈಯ ಒಳಬದಿಗೆ ಉಜ್ಜಿದಳು. ಚುಚ್ಚಿತು. "ನೋಡಿ, ಇದು ಅವನ ಕಂಕುಳಿಗೆ ಬರುವ ಜಾಗ." ಆಮೇಲೆ ಕೆಳಗಿನ ಕಪಾಟಿನಿಂದ ತೆಳು ಹತ್ತಿಯ ಜಬ್ಲಾ ತೆಗೆದಳು, ಬೆನ್ನಿಗೆ ಲಾಡಿ ಕಟ್ಟುವಂಥದ್ದು. ಎಲಾಸ್ಟಿಕ್ ಇಲ್ಲ, ಕುತ್ತಿಗೆ ಅಗಲ. ಮೂರು ತೆಗೆದುಕೊಂಡೆ. ನಮ್ಮ ಕರಾವಳಿಯಲ್ಲಿ ಬೆವರು ಒಣಗುವುದಿಲ್ಲ, ಬಟ್ಟೆ ಹೀರಬೇಕು, ಪಾಲಿಯೆಸ್ಟರ್ ಹೀರುವುದಿಲ್ಲ, ಬೆವರುಸಾಲೆ ಎದ್ದೇ ಏಳುತ್ತದೆ. ಹೊಸದನ್ನು ಎರಡು ಸಲ ತೊಳೆದು ಗಂಜಿ ಬಿಟ್ಟ ಮೇಲೆಯೇ ಹಾಕಿ.

ದೊಡ್ಡವಳಿಗೆ ತೋಳಿಲ್ಲದ, ಎರಡು ಜೇಬಿನ ಹತ್ತಿ ಫ್ರಾಕು. ಅವಳಿಗೆ ಜೇಬೇ ಮುಖ್ಯ, ನೇರಳೆ ಹಣ್ಣು ತುಂಬಿಸಲಿಕ್ಕೆ. ಇವರಿಗೆ ಒಂದು ಮುಂಡು, ಎರಡು ಬೈರಾಸು. ಹೆಗಲ ಮೇಲಿನ ಬೈರಾಸೇ ಮಕ್ಕಳಿಗೆ ಹಾಸಿಗೆಯೂ ಆಗುತ್ತದೆ, ಕೊಡೆಯೂ ಆಗುತ್ತದೆ.

ನನಗೆ ಸಿಕ್ಕಿದ್ದು ಎಲ್ಲಕ್ಕಿಂತ ಒಳ್ಳೆಯದು. ಹಾಲು ಕುಡಿಸುವ ಕುರ್ತಾ ಎಂದು ಜಿಪ್ ಇಟ್ಟು ಮಾರುತ್ತಾರಲ್ಲ, ಆ ಜಿಪ್ ಪಾಪುವಿನ ಕೆನ್ನೆಗೆ ಒತ್ತಿ ಗೀರು ಬೀಳುತ್ತಿತ್ತು. ಇವಳು ತನ್ನದನ್ನೇ ತೋರಿಸಿದಳು. ಮೇಲೆ ಸಡಿಲ ಹತ್ತಿ ಟಾಪು, ಒಳಗೆ ಬನಿಯನ್, ಬನಿಯನ್ನಿಗೆ ಎರಡೂ ಕಡೆ ಕತ್ತರಿಸಿ ಅಂಚು ಹೊಲಿದದ್ದು. ಟಾಪು ಎತ್ತಿದರೆ ಹೊಟ್ಟೆ ಬೆನ್ನು ಕಾಣುವುದಿಲ್ಲ, ಮಗುವಿನ ಮುಖಕ್ಕೆ ಗಾಳಿ. ಮನೆಯಲ್ಲೇ ಮಾಡಬಹುದು. ನನ್ನ ಅಮ್ಮನ ಹಳೇ ಕಾಸರಗೋಡು ಸೀರೆ ಒಂದುಂಟು, ವಿದ್ಯಾನಗರದ ನೇಕಾರರ ಸಂಘದ್ದು, ಒಗೆದು ಒಗೆದು ಬೆಣ್ಣೆಯ ಹಾಗೆ ಆಗಿದೆ. ಅದರಲ್ಲಿ ಸಡಿಲ ಟಾಪು ಹೊಲಿಸುತ್ತೇನೆ, ಮುಂದೆ ಟಿಚ್ ಬಟನ್ ಇಟ್ಟು. ಅಮ್ಮ ಬೈಯಲಿಕ್ಕಿಲ್ಲ ಎಂದು ನಂಬಿದ್ದೇನೆ.

ಮಗು ಎರಡು ವರ್ಷ, ಬೇಕಾದರೆ ಅದಕ್ಕಿಂತ ಜಾಸ್ತಿಯೂ ಕುಡಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವಳು ಏಳು ತಿಂಗಳಿಗೇ ದಿನಾ ಮಧ್ಯಾಹ್ನ ಅಷ್ಟು ಹಾಲು ಬೈರಾಸಿಗೆ ಹಿಂಡುತ್ತಾಳೆ. ಹಿಂಡಿದ ಹಾಲನ್ನು ಐಸ್ ಪ್ಯಾಕ್ ಹಾಕಿದ ಬ್ಯಾಗಿನಲ್ಲಿ ಇಟ್ಟರೆ ಒಂದು ದಿನ ಕೆಡುವುದಿಲ್ಲ. ಅದನ್ನು ಅಲ್ಲೇ ಹೇಳಲು ನನಗೆ ಯಾಕೆ ಹೊಳೆಯಲಿಲ್ಲ? ಬಸ್ಸಲ್ಲಿ ಚೆರ್ಕಳ ದಾಟಿದ ಮೇಲೆ ನೆನಪಾಯಿತು.

ದೊಡ್ಡವಳ ಕಾಲದ ನೀಲಿ ಬ್ಯಾಗ್ ಅಟ್ಟದಲ್ಲಿ ಇರಬೇಕು. ಐಸ್ ಪ್ಯಾಕ್ ಎರಡಿತ್ತು, ಒಂದನ್ನು ಪೆರ್ಲದ ದೊಡ್ಡಮ್ಮ ಮಂಡಿನೋವಿಗೆ ಇಡಲು ಕೊಂಡುಹೋಗಿದ್ದಾರೆ. ಫ್ರಾಕಿನ ಕಂಕುಳು ದೊಡ್ಡವಳಿಗೆ ಬಿಗಿ, ಬದಲಿಸಲು ಶುಕ್ರವಾರ ಹೇಗೂ ಹೋಗಬೇಕು. ಮೂರು ಗಂಟೆಗೆ ಮೊದಲೇ ಅಲ್ಲಿ ತಲುಪಿದರೆ, ಆದರೆ ಕೈ ತೊಳೆಯಲು ಅಲ್ಲಿ ನೀರು ಎಲ್ಲಿ ಉಂಟು, ಬ್ಯಾಗ್ ಎಲ್ಲಿ ಇಡುತ್ತಾಳೆ, ಅದನ್ನು ಕೇಳಬೇಕು ಮೊದಲು