ಬಲಿತ ಬೆಂಡೆಕಾಯಿಯ ಹುಟ್ಟುಹಬ್ಬ

ಪುಟ್ಟಿಯ ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ತರಕಾರಿ ಗಾಡಿಯವರ ಹತ್ತಿರ ಹೋಗಿ "ಬಲಿತಿರೋ ಬೆಂಡೆಕಾಯಿ ಇದ್ರೆ ಕೊಡಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಎಲ್ಲರೂ ತುದಿ ಮುರಿದು ನೋಡಿ ಎಳೇದು ಆರಿಸಿಕೊಂಡು ಹೋದ ಮೇಲೆ ಬುಟ್ಟಿಯ ತಳದಲ್ಲಿ ಉಳಿಯುತ್ತಲ್ಲ, ಅದೇ ನನಗೆ ಬೇಕಿತ್ತು. "ಇದು ಬೇಯಲ್ಲ ಕಣಮ್ಮ" ಅಂದರು. "ಅಡುಗೆಗಲ್ಲ ಅಣ್ಣ, ಮಕ್ಕಳ ಕೈಲಿ ಅಚ್ಚು ಹಾಕಿಸೋಕೆ" ಅಂದೆ. ಹತ್ತು ರೂಪಾಯಿಗೆ ಒಂದು ಚೀಲದ ತುಂಬ ಹಾಕಿದರು. ಮೇಲೊಂದು ಮುರಿದ ಹೀರೆಕಾಯಿಯನ್ನೂ ಇಟ್ಟು, "ಇದೂ ಚೆನ್ನಾಗಿ ಬರುತ್ತೆ, ನೋಡಿ" ಅಂದರು. ಅವರು ಹೇಳಿದ್ದು ನಿಜವಾಯಿತು.

ಹೋದ ವರ್ಷ ಆರನೇ ಹುಟ್ಟುಹಬ್ಬ. ಒಂದು ಹಾಲ್‌ನಲ್ಲಿ ಮಾಡಿದ್ದೆವು. ಒಂದು ಮಗುವಿಗೆ 350 ರೂಪಾಯಿ, 20 ಮಕ್ಕಳು. ಅದರಲ್ಲೇ "ಕ್ರಾಫ್ಟ್ ಚಟುವಟಿಕೆ"ಯೂ ಸೇರಿತ್ತು. ಬಂದವರು ಪ್ರತಿ ಮಗುವಿಗೂ ಒಂದು ಪ್ಯಾಕೆಟ್ ಕೊಟ್ಟರು. ಮೊದಲೇ ಕತ್ತರಿಸಿದ ಫೋಮ್ ಚೂರುಗಳು, ಅಂಟಿಸಿದರೆ ಚಿಟ್ಟೆ. ಹತ್ತು ನಿಮಿಷಕ್ಕೆ ಮುಗಿಯಿತು. 20 ಚಿಟ್ಟೆಗಳೂ ಒಂದೇ ಥರ. ಯಾವುದು ಯಾರದು ಅಂತ ಗೊತ್ತಾಗದೆ ಇಬ್ಬರು ಹುಡುಗಿಯರು ಅತ್ತರು. ರಾತ್ರಿ ಪುಟ್ಟಿ ಅದನ್ನು ಹಾಲ್‌ನಲ್ಲೇ ಬಿಟ್ಟು ಬಂದಿದ್ದಾಳೆ ಅಂತ ಗೊತ್ತಾಯಿತು. ಕೇಳಿದರೆ, "ಅದು ನಾನು ಮಾಡಿದ್ದಲ್ಲ ಅಮ್ಮ" ಅಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದಕ್ಕೆ ಈ ಸಲ ಮನೆಯಲ್ಲೇ ಅಂತ ತೀರ್ಮಾನ ಮಾಡಿದೆವು. 14 ಮಕ್ಕಳು, ಮೂರು ಗಂಟೆ. ಕಲೆಯ ಸಾಮಾನಿಗೆ ಸಾವಿರ ರೂಪಾಯಿ ದಾಟಬಾರದು. ಬಾಡಿಗೆ ಮನೆ, ಹಾಲ್ ಚಿಕ್ಕದು. ಆದರೆ ಮೇಲೆ ತಾರಸಿ ಇದೆ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ಬಹಳ ಯೋಚಿಸಿದೆ. ನನ್ನ ಅಭಿಪ್ರಾಯ ಇಷ್ಟೇ: ಕಾಗದ ಮತ್ತು ಬಣ್ಣದಲ್ಲಿ ಉಳಿಸಲು ಹೋಗಬೇಡಿ. ತೆಳ್ಳನೆ ಕಾಗದಕ್ಕೆ ಒದ್ದೆ ಬಣ್ಣ ತಾಗಿದರೆ ಸುಕ್ಕಾಗಿ ಹರಿಯುತ್ತೆ, ಮಗು ತನ್ನ ತಪ್ಪು ಅಂದುಕೊಳ್ಳುತ್ತೆ. ದಪ್ಪ ಡ್ರಾಯಿಂಗ್ ಹಾಳೆ 50, 150 ರೂಪಾಯಿ. ಪೋಸ್ಟರ್ ಬಣ್ಣದ ದೊಡ್ಡ ಬಾಟಲಿ ನಾಲ್ಕೇ ನಾಲ್ಕು, ಕೆಂಪು, ಹಳದಿ, ನೀಲಿ, ಬಿಳಿ. ಅವಕ್ಕೆ 360. ಹನ್ನೆರಡು ಬಣ್ಣದ ಪುಟ್ಟ ಡಬ್ಬಿಗಳು ಅಚ್ಚು ಹಾಕಲು ಸಾಲುವುದಿಲ್ಲ. ಉಳಿದ ಬಣ್ಣಗಳನ್ನು ಮಕ್ಕಳೇ ಬೆರೆಸಿ ಮಾಡಿಕೊಳ್ಳಲಿ. ಕುಂಚ 15ಕ್ಕೆ 180. ಜೇಡಿಮಣ್ಣಿಗೆ 100. ಬೆಂಡೆಕಾಯಿ, ಬಾಳೆದಿಂಡು, ದಪ್ಪ ಮೆಣಸಿನಕಾಯಿ, ಈರುಳ್ಳಿ ಎಲ್ಲ ಸೇರಿ 60. ಕಂದು ಕಾಗದಕ್ಕೆ 40. ಒಟ್ಟು 890 ಆಯಿತು. ಮಿಕ್ಕಿದ್ದೆಲ್ಲ ಮನೆಯಲ್ಲೇ ಇತ್ತು.

ಅಂಟು ಕೊಳ್ಳಲಿಲ್ಲ. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಕಾಯಿಸಿದರೆ ಸಾಕು. ಹಿಂದೆ ಪುಸ್ತಕದ ರಟ್ಟಿಗೆ ಹಚ್ಚೋ ಅಂಟಿಗೆ ಹುಳು ಬರಬಾರದು ಅಂತ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಅವತ್ತೇ ಕಾಯಿಸಿ, ಅವತ್ತೇ ಮುಗಿಸಿ.

ಇನ್ನು ಬೆಂಡೆಕಾಯಿ. ಎಳೆಯದನ್ನು ಒತ್ತಿದರೆ ಅಪ್ಪಚ್ಚಿ ಆಗುತ್ತೆ, ಬಲಿತದ್ದು ಗಟ್ಟಿಯಾಗಿ ನಿಲ್ಲುತ್ತೆ. ಆದರೆ ಕತ್ತರಿಸಿದ ಕೂಡಲೇ ಬಣ್ಣಕ್ಕೆ ಅದ್ದಬೇಡಿ. ಲೋಳೆ ಬಣ್ಣಕ್ಕೆ ಸೇರಿ ಅಚ್ಚು ಕದಡಿ ಹೋಗುತ್ತೆ. ನಾನು ಹಿಂದಿನ ರಾತ್ರಿಯೇ ಅಡ್ಡಡ್ಡ ಕತ್ತರಿಸಿ, ಪೇಪರ್ ಮೇಲೆ ಬೋರಲು ಹಾಕಿ ಇಟ್ಟಿದ್ದೆ. ಬೆಳಿಗ್ಗೆ ಲೋಳೆ ಒಣಗಿ, ಬೀಜದ ಗೂಡುಗಳು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಇನ್ನೊಂದು ಮಾತು. ಬಣ್ಣವನ್ನು ತಟ್ಟೆಗೆ ಸುಮ್ನೆ ಸುರಿಯಬೇಡಿ. ಹಳೇ ಪಂಚೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಬಣ್ಣ ಹಾಕಿ. ಬಟ್ಟೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತೆ.

ಒಂದೇ ಒಂದು ಮಾದರಿ ಚಿತ್ರ ಕೂಡ ಗೋಡೆಗೆ ಹಚ್ಚಲಿಲ್ಲ. ಮಾದರಿ ಕಂಡ ಕೂಡಲೇ ಮಕ್ಕಳು ಅದನ್ನು ನೋಡುತ್ತಾರೆ, ಕೈಯಲ್ಲಿರೋ ಬೆಂಡೆಕಾಯಿಯನ್ನು ನೋಡುವುದಿಲ್ಲ.

ಮೊದಲು ಬಂದದ್ದು ಪಕ್ಕದ ಬೀದಿಯ ಹುಡುಗ. ಯಾವಾಗಲೂ ಒಬ್ಬಿಬ್ಬರು ಬೇಗ ಬಂದುಬಿಡುತ್ತಾರೆ, ಅವರಿಗೆ ತಕ್ಷಣ ಒಂದು ಕೆಲಸ ಬೇಕು. ಅಚ್ಚಿನ ತಟ್ಟೆಗಳನ್ನು ಅದಕ್ಕೇ ಬಾಗಿಲ ಹತ್ತಿರ ಇಟ್ಟಿದ್ದೆ. ಅವನು ಒಂದು ಬೆಂಡೆಕಾಯಿ ಒತ್ತಿ ಎತ್ತಿದ. ಹಾಳೆಯ ಮೇಲೆ ಕೆಂಪು ನಕ್ಷತ್ರ. "ಆಂಟಿ, ಐದು ಮೂಲೆ!" ಅಂದ. ಆಮೇಲೆ ಬಂದವರೆಲ್ಲ ಎಣಿಸಲು ಶುರುಮಾಡಿದರು. ಹೀರೆಕಾಯಿಗೆ ಹತ್ತು ಏಣು. ದಪ್ಪ ಮೆಣಸಿನಕಾಯಿ ಒಂದಕ್ಕೆ ಮೂರು ಉಬ್ಬು, ಇನ್ನೊಂದಕ್ಕೆ ನಾಲ್ಕು. ಇಷ್ಟು ವರ್ಷ ಹೀರೆಕಾಯಿ ಹೆರೆದಿದ್ದೇನೆ, ಏಣು ಎಣಿಸಿರಲಿಲ್ಲ. ನಮ್ಮ ಅತ್ತೆ ಕೂಡ ಕನ್ನಡಕ ಹಾಕಿಕೊಂಡು ಬಂದು ಎಣಿಸಿದರು. ಬಾಳೆದಿಂಡಿನ ಅಚ್ಚಂತೂ ಒಳಗೊಳಗೆ ಸುತ್ತು, ಸುತ್ತಿನೊಳಗೆ ಪುಟ್ಟ ಪುಟ್ಟ ಗೂಡು. ಒಬ್ಬ ಹುಡುಗಿ ಅದನ್ನೇ ಏಳು ಸಲ ಹಾಕಿ, ಪ್ರತಿಯೊಂದಕ್ಕೂ ಕಾಲು ಬರೆದು, ಬಸವನಹುಳುಗಳ ಮೆರವಣಿಗೆ ಮಾಡಿದಳು.

ಅರಿಶಿನದ ಕಾಗದ ಅತ್ತೆಯ ಯೋಚನೆ. ಆರತಿ ತಟ್ಟೆಯ ಕೆಂಪು ನೀರು ಹೇಗಾಗುತ್ತೆ ಗೊತ್ತಲ್ಲ? ಅರಿಶಿನಕ್ಕೆ ಸುಣ್ಣ. ಆದರೆ ಸುಣ್ಣ ಮಕ್ಕಳ ಕಣ್ಣಿಗೆ ಬಿದ್ದರೆ ಅಪಾಯ, ಅದಕ್ಕೆ ನಾನು ಅಡುಗೆ ಸೋಡ ಕದಡಿದ ನೀರು ಇಟ್ಟೆ. ಅರಿಶಿನದ ನೀರು ಬಳಿದು ಒಣಗಿಸಿದ ಹಳದಿ ಹಾಳೆ, ಕಿವಿಗೆ ಹಾಕೋ ಹತ್ತಿಯ ಕಡ್ಡಿ, ಬಟ್ಟಲಲ್ಲಿ ನೀರಿನ ಹಾಗೇ ಕಾಣೋ ಸೋಡ ನೀರು. ಕಡ್ಡಿ ಅದ್ದಿ ಗೆರೆ ಎಳೆದರೆ ಕಣ್ಣೆದುರೇ ಕಂದುಗೆಂಪು ಆಗುತ್ತೆ. ಅದರ ಮೇಲೆ ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ. ಮಕ್ಕಳು ಉಸಿರು ಬಿಗಿ ಹಿಡಿದು ನೋಡಿದರು. ಬರೆದದ್ದನ್ನು ನಿಂಬೆರಸದಲ್ಲಿ ಅಳಿಸುವುದು, ಮತ್ತೆ ಬರೆಯುವುದು, ಅದೇ ಆಟವಾಯಿತು.

ಇಲ್ಲೇ ಒಂದು ಎಡವಟ್ಟೂ ಆಯಿತು. "ಹಳೇ ಬಟ್ಟೆ ಹಾಕಿ ಕಳಿಸಿ" ಅಂತ ವಾಟ್ಸಾಪ್‌ನಲ್ಲಿ ಬರೆದಿದ್ದೆ. ಆದರೆ ಹುಟ್ಟುಹಬ್ಬ ಅಂದರೆ ಯಾವ ಮಗು ಹಳೇ ಬಟ್ಟೆ ಹಾಕಿಕೊಂಡು ಬರುತ್ತೆ? ಒಬ್ಬಳ ಬಿಳಿ ಫ್ರಾಕಿನ ಮೇಲೆ ಅರಿಶಿನ ಚೆಲ್ಲಿತು. ಗಾಬರಿಯಲ್ಲಿ ಸೋಪು ಹಚ್ಚಿದೆ, ಕಲೆ ಕೆಂಪಗೆ ತಿರುಗಿತು. ಸೋಪೂ ಸೋಡದ ಹಾಗೇ ತಾನೇ. ಮಗು ಜೋರಾಗಿ ಅತ್ತಿತು. ಅವರಮ್ಮನಿಗೆ ಆಗಲೇ ಫೋನ್ ಮಾಡಿ, ಒಗೆದು ಎರಡು ದಿನ ಬಿಸಿಲಲ್ಲಿ ಒಣಗಿಸಿ ಅಂತ ಹೇಳಿದೆ. ಅರಿಶಿನ ಬಿಸಿಲಿಗೆ ಬಿಳಿಚಿಕೊಳ್ಳುತ್ತೆ. ಕಲೆ ಹೋಯಿತು ಅಂತ ಮೂರನೇ ದಿನ ಮೆಸೇಜ್ ಬಂದಾಗ ನನಗೆ ಸಮಾಧಾನವಾಯಿತು. ನೀವು ಮಾಡುವುದಾದರೆ ದೊಡ್ಡವರ ಹಳೇ ಅಂಗಿಗಳನ್ನು ಕೂಡಿಸಿಟ್ಟುಕೊಳ್ಳಿ. ಗುಂಡಿ ಬೆನ್ನಿಗೆ ಬರೋ ಹಾಗೆ ಹಿಂದುಮುಂದಾಗಿ ತೊಡಿಸಿದರೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ರಕ್ಷಣೆ. ಅವತ್ತು ನಮ್ಮವರ ಅಂಗಿ ಮೂರೇ ಸಿಕ್ಕಿದ್ದವು.

ಜೇಡಿಮಣ್ಣು ತಾರಸಿಯ ಮೇಲೆ ಅಂದುಕೊಂಡಿದ್ದೆ. ಗಣೇಶನ ಹಬ್ಬ ಮುಗಿದು ಹತ್ತು ದಿನ, ಮಣ್ಣು ಸುಲಭವಾಗಿ ಸಿಗೋ ಕಾಲ. ನಾವೇ ಮಾಡಿದ ಗಣೇಶನಿಗೆ ತಂದು ಉಳಿದದ್ದೂ ಸ್ವಲ್ಪ ಇತ್ತು. ಒದ್ದೆ ಬಟ್ಟೆ ಸುತ್ತಿಟ್ಟಿದ್ದೆ. ಬಟ್ಟಲು ಮಾಡಲು ಪ್ರತಿ ಮಗುವಿಗೂ ಮೂಸಂಬಿ ಗಾತ್ರದ ಉಂಡೆ. ಎಲ್ಲರೂ ಮೇಲೆ ಹತ್ತಿ ಕೂತು ಐದು ನಿಮಿಷ ಆಗಿರಲಿಲ್ಲ, ಮಳೆ ಹನಿಯಲು ಶುರು. ಮಣ್ಣು ಹಿಡಿದ ಕೈಗಳೆಲ್ಲ ಮೆಟ್ಟಿಲು ಇಳಿದು ಬಂದವು. ಗೋಡೆಯ ಮೇಲಿನ ಗುರುತುಗಳನ್ನು ನಾನಿನ್ನೂ ಒರೆಸಿಲ್ಲ. ಮನೆ ಮಾಲೀಕರು ನೋಡುವ ಮೊದಲು ಒರೆಸಬೇಕು. ಆದರೆ ಕೈಗಳ ಎತ್ತರ ನೋಡಿದಾಗಲೆಲ್ಲ ಯಾರು ಯಾರು ಅಂತ ಗೊತ್ತಾಗುತ್ತೆ, ಮನಸ್ಸು ಬರುತ್ತಿಲ್ಲ.

ಮಣ್ಣು ಮುಟ್ಟಲ್ಲ ಅಂತ ಒಬ್ಬ ಹುಡುಗ ಮೂಲೆಯಲ್ಲಿ ನಿಂತ. ಬಲವಂತ ಮಾಡಲಿಲ್ಲ. ಅವನಿಗೆ ಕುಂಚ ತೊಳೆಯೋ ಬಕೆಟ್ ಕೊಟ್ಟೆ. ಒಂದೊಂದೇ ಕುಂಚ ಅದ್ದಿ, ನೀರು ನೀಲಿಯಿಂದ ಹಸಿರಾಗಿ, ಹಸಿರಿನಿಂದ ಕೆಸರು ಬಣ್ಣಕ್ಕೆ ತಿರುಗೋದನ್ನು ಅರ್ಧ ಗಂಟೆ ನೋಡುತ್ತಾ ಕೂತ. ನನಗೆ ಅವತ್ತು ತುಂಬಾ ಇಷ್ಟವಾದ ನೋಟ ಅದು. ಹದಿನೈದು ಕುಂಚಗಳೂ ಹೊಸದರಂತೆ ಇದ್ದವು.

ಮಳೆ ಜೋರಾಯಿತು, ಕರೆಂಟೂ ಹೋಯಿತು. ಆಗ ಕೊನೆಗೆ ಅಂತ ಇಟ್ಟಿದ್ದ, ಇಸ್ಪೀಟಿನಂಥ ಆಟದ ಎಲೆಗಳನ್ನು ತೆಗೆದೆ. ನಮ್ಮ ಮೈಸೂರಿನ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಇಸ್ಪೀಟು, ಅದರ ಎಲೆಗಳು ದುಂಡಗಿರುತ್ತವೆ. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಹನ್ನೆರಡರಲ್ಲಿ ಒಂದು ರಾಜ, ಒಂದು ಮಂತ್ರಿ, ಮಿಕ್ಕ ಹತ್ತು ಒಂದರಿಂದ ಹತ್ತರವರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟವನ್ನು ಎಷ್ಟು ಪ್ರೀತಿಸಿದರೆಂದರೆ ತಾವೇ ಹೊಸ ಬಗೆಯ ಗಂಜೀಫಾ ಆಟಗಳನ್ನು ರೂಪಿಸಿದರು. ಅಷ್ಟು ನಾಜೂಕಿನ ಕಲೆಯನ್ನು ಏಳು ವರ್ಷದವರಿಂದ ಮಾಡಿಸಲಾಗದು. ದುಂಡಗಿನ ಎಲೆ ಅನ್ನೋದನ್ನಷ್ಟೇ ಎರವಲು ತಗೊಂಡೆ.

ರಟ್ಟಿಗೆ ಮನೆಯ ಕಪಾಟಿನಲ್ಲಿ ಕೂಡಿಟ್ಟ ಮದುವೆ ಪತ್ರಿಕೆಗಳು. ಎಷ್ಟು ಗಟ್ಟಿ ಕಾಗದ ಅಲ್ವಾ ಅದು? ದೇವರ ಚಿತ್ರ ಇರೋ ಭಾಗವನ್ನು ಅತ್ತೆ ಮೊದಲೇ ತೆಗೆದಿಟ್ಟರು. ಸ್ಟೀಲ್ ಲೋಟ ಬೋರಲಿಟ್ಟು ಗೆರೆ ಎಳೆದು, ನಾನು ಮತ್ತು ನಮ್ಮವರು ಎರಡು ರಾತ್ರಿ ಕೂತು 28 ಬಿಲ್ಲೆ ಕತ್ತರಿಸಿದೆವು. ಎಲ್ಲದರ ಬೆನ್ನಿಗೂ ಕಂದು ಕಾಗದ, ಮುಖಕ್ಕೆ ಬಿಳಿ ಹಾಳೆ, ಮೈದಾ ಅಂಟು ಹಾಕಿ, ಪುಸ್ತಕಗಳ ಕೆಳಗೆ ಒತ್ತಿಟ್ಟೆವು. ಬೆನ್ನು ಒಂದೇ ಥರ ಇರಲೇಬೇಕು, ಇಲ್ಲದಿದ್ದರೆ ಆಟದಲ್ಲಿ ಗುರುತು ಸಿಕ್ಕಿಬಿಡುತ್ತೆ.

ಪ್ರತಿ ಮಗುವಿಗೂ ಎರಡು ಎಲೆ. ಎರಡರಲ್ಲೂ ತನಗಿಷ್ಟವಾದ ಒಂದೇ ಚಿತ್ರ ಬರೆಯಬೇಕು. ಮೇಣದಬತ್ತಿ ಹಚ್ಚಿ, ದೊಡ್ಡವರು ಹತ್ತಿರವೇ ಕೂತೆವು. ಜಟಕಾ ಗಾಡಿ, ಆಟೋ, ಆನೆ, ಅಜ್ಜನ ಮೀಸೆ, ಮೈಸೂರು ಪಾಕ್. ಕುಂಚ ತೊಳೆದ ಹುಡುಗ ಬಕೆಟ್ ಬರೆದ. ಬಣ್ಣ ಆರುವಷ್ಟರಲ್ಲಿ ಎಲ್ಲರೂ ಕೈತೊಳೆದು ಕೇಕ್, ಚಿತ್ರಾನ್ನ ತಿಂದು ಮುಗಿಸಿದರು. ಆಮೇಲೆ 28 ಎಲೆಗಳನ್ನೂ ಬೋರಲು ಹರಡಿ ಜೋಡಿ ಹುಡುಕೋ ಆಟ. ಯಾರೋ ಎತ್ತಿದ ಎಲೆಯಲ್ಲಿ ತನ್ನ ಚಿತ್ರ ಬಂದರೆ "ಅದು ನಂದು!" ಅಂತ ಒಂದೊಂದು ಮಗುವೂ ಕೂಗುತ್ತಿತ್ತು.

ಬೇರೆ ರಿಟರ್ನ್ ಗಿಫ್ಟ್ ಕೊಡಲಿಲ್ಲ. ಅಚ್ಚಿನ ಹಾಳೆ ಸುರುಳಿ ಸುತ್ತಿ ದಾರ ಕಟ್ಟಿದೆ. ಮಣ್ಣಿನ ಬಟ್ಟಲನ್ನು ಹಳೇ ಪೇಪರಿನಲ್ಲಿಟ್ಟು, "ಇದು ಸುಟ್ಟದ್ದಲ್ಲ, ನೀರು ಹಾಕಿದರೆ ಕರಗುತ್ತೆ" ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸಿದೆ. ಎಲೆಗಳು ಮಾತ್ರ ಪುಟ್ಟಿಗೆ, ಗೆಳೆಯರೆಲ್ಲ ಸೇರಿ ಕೊಟ್ಟ ಉಡುಗೊರೆ.

ಮಾರನೇ ದಿನ ಪುಟ್ಟಿ ಎಣಿಸಿದಳು. 27 ಇತ್ತು. ಬಕೆಟ್‌ಗೆ ಜೋಡಿ ಇಲ್ಲ. ಸೋಫಾ ಕೆಳಗೆ, ಕಸದ ಬುಟ್ಟಿಯಲ್ಲಿ, ಎಲ್ಲಾ ಹುಡುಕಿದೆವು. ಸಂಜೆ ಆ ಹುಡುಗನ ಅಮ್ಮ ಫೋನ್ ಮಾಡಿ, "ಇವನ ಪೆನ್ಸಿಲ್ ಬಾಕ್ಸ್‌ನಲ್ಲಿ ಒಂದು ದುಂಡಗಿನ ಚಿತ್ರ ಇದೆ, ನಿಮ್ಮದಾ? ಕೇಳಿದರೆ ಕೊಡಲ್ಲ ಅಂತಾನೆ" ಅಂದರು. ಪುಟ್ಟಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಇಟ್ಕೊಳ್ಳಲಿ ಬಿಡು ಅಮ್ಮ" ಅಂದು, ಲೋಟ ಮತ್ತು ಒಂದು ಮದುವೆ ಪತ್ರಿಕೆ ತಗೊಂಡು ಬಂದು ನೆಲದ ಮೇಲೆ ಕೂತಳು.