ಎರಡು ಕಿಲೋ ಜ್ವಾಳಾ

"ಹೊಳ್ಳಿ ಯಾವಾಗ್ರೀ?"

ಸೋಮವಾರ ಗಿರಣಿಯವರು ಕೇಳಿದ್ದು ಇಷ್ಟೇ. ಅರ್ಧ ಕೇಳಿಸಿತು, ಅರ್ಧ ಅವರ ತುಟಿ ನೋಡಿ ತಿಳಿದುಕೊಂಡೆ. 14 ವರ್ಷ ಪ್ರತಿ ಸಲ ಇಂಗ್ಲಂಡಿನಿಂದ ಊರಿಗೆ, ಧಾರವಾಡಕ್ಕೆ ಬಂದಾಗಲೂ ಇದೇ ಪ್ರಶ್ನೆ. ಉತ್ತರ ಬಾಯಲ್ಲೇ ಇರುತ್ತಿತ್ತು: 18ಕ್ಕ, 22ಕ್ಕ, ಶಾಲಿ ಸುರು ಆಗೂದ್ರಾಗ. ಈ ಸಲ "ಇಲ್ರೀ, ಇನ್ನ ಇಲ್ಲೇ ಇರೂದು. ಹೋಗೂದಿಲ್ಲ" ಅಂದೆ.

ಅವರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು. ಗಿರಣಿ ಬಂದ್ ಮಾಡಲಿಲ್ಲ, ಮಾಡಿದ ಹಂಗ ಅನಿಸಿತು ಅಷ್ಟೇ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಮುಖ ಹತ್ತಿರ ತಂದು, ದನಿ ಇಳಿಸಿ (ಆ ಸದ್ದಿನಲ್ಲಿ ದನಿ ಇಳಿಸಿದರೇನು, ಏರಿಸಿದರೇನು) ಕೇಳಿದರು:

"ಯಾಕವ್ವಾ, ಏನಾತು?"

ರೀ ಹೋಗಿ ಅವ್ವಾ ಬಂದಿತ್ತು.

ಪಾಳಿಯಲ್ಲಿ ನನ್ನ ಹಿಂದೆ ನಿಂತಿದ್ದಾಕೆಗೆ ಪ್ರಶ್ನೆ ಕೇಳಿಸಿತೋ ಇಲ್ಲವೋ, ಆಕೆಯ ಕಣ್ಣು ಮಾತ್ರ ಸೀದಾ ನನ್ನ ಕೊರಳಿಗೆ ಬಂತು. ತಾಳಿ ಇತ್ತು, ಓಢಣಿಯ ಒಳಗೆ. ನಾನು ಓಢಣಿ ಸರಿಮಾಡಿಕೊಳ್ಳುವ ನೆಪದಲ್ಲಿ ಅದನ್ನು ಹೊರಗೆ ಹಾಕಿದೆ. ಯಾಕೆ ಹಾಗೆ ಮಾಡಿದೆ ಅನ್ನೋ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಏನೂ ಆಗಿಲ್ರಿ."

"ಇರ್ಲಿ ತಗೋ" ಅಂದರು. ಎಲ್ಲ ತಿಳಿಯಿತು, ಇನ್ನು ಕೇಳೋದಿಲ್ಲ ಅನ್ನುವ ದನಿ. ಎರಡು ಕಿಲೋ ಜೋಳ, ಕಿಲೋಕ್ಕೆ 8ರಂತೆ 16 ರೂಪಾಯಿ ಆಗಿತ್ತು. "15 ಕೊಡು, ಸಾಕು" ಅಂದರು. ರಜೆಗೆ ಬಂದಾಗ ಇದೇ ಮನುಷ್ಯ 16 ಆದರೆ 20 ಇಟ್ಟುಕೊಂಡು "ಚಿಲ್ಲರಾ ಇಲ್ರೀ" ಅನ್ನುತ್ತಿದ್ದರು. ನನ್ನ ಮುರಿದ ಸಂಸಾರಕ್ಕೆ ಒಂದು ರೂಪಾಯಿ ರಿಯಾಯಿತಿ.

ಸಂಸಾರ ಮುರಿದಿಲ್ಲ. ಮನೆಯವರು ಇಂಗ್ಲಂಡಿನ ರೆಡಿಂಗ್‌ನಲ್ಲಿ ನೋಟಿಸ್ ಪೀರಿಯಡ್ ಮುಗಿಸಿ, ಮನೆ ಮಾರುವ ಕಾಗದಪತ್ರ ಮುಗಿಸಿ ಸೆಪ್ಟೆಂಬರಿಗೆ ಬರುತ್ತಾರೆ. ಶಾಲೆ ಜೂನಿನಲ್ಲಿ ಸುರುವಾಗುವುದರಿಂದ ನಾನು, ಮಗಳು ಮೊದಲೇ ಬಂದೆವು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ನಮ್ಮ ಮಾಳಮಡ್ಡಿಯ ಮನೆಮನೆಗೆ ಹಾಕಿಬಿಡೋಣ ಅನಿಸಿದೆ.

ಈ ವಾರ "ಏನಾತು" ಕೇಳಿದವರು ಗಿರಣಿಯವರೊಬ್ಬರೇ ಅಲ್ಲ, ಆದರೆ ಸರಳವಾಗಿ ಕೇಳಿದವರು ಅವರೊಬ್ಬರೇ. ಹಿಂದಿನ ಮನೆಯ ಮೌಶಿ ಕೇಳಲೇ ಇಲ್ಲ, ತಾನೇ ಉತ್ತರ ತಯಾರು ಮಾಡಿಕೊಂಡು ಬಂದಿದ್ದಳು: "ನೌಕರಿ ಏನ್ ಬಿಡ ತಂಗಿ, ಇದು ಹೋದ್ರ ಇನ್ನೊಂದು." ಮೌಶಿಯ ಕನಿಕರದಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ. ಅವಳ ಮಗ ಟೆಕ್ಸಾಸ್‌ನಲ್ಲಿದ್ದಾನೆ, ಐದು ವರ್ಷ ಆಯಿತು ಬಂದಿಲ್ಲ. ನನಗಾದ ಅನಾಹುತ ಅವಳಿಗೆ ಎಷ್ಟು ದೊಡ್ಡ ಸಮಾಧಾನ ಕೊಟ್ಟಿರಬೇಕು. ಕಾಲೇಜಿನ ಗೆಳತಿ ಒಬ್ಬಳು "ಆರು ತಿಂಗಳು ನೋಡತೀನಿ" ಅಂದಳು, ನಾನು ಬಾಡಿಗೆಗೆ ಬಂದವಳ ಹಾಗೆ. ಇವಳು ಕರ್ನಾಟಕ ಕಾಲೇಜಿನಲ್ಲಿದ್ದಾಗಲೂ ಹೀಗೇ, ನನ್ನ ಎಲ್ಲ ನಿರ್ಧಾರಕ್ಕೂ ಮುಕ್ತಾಯದ ತಾರೀಖು ಹೇಳುತ್ತಿದ್ದಳು.

ಬೆಂಗಳೂರಿಗೆ ವಾಪಸ್ ಬಂದ ನಮ್ಮ ಸ್ನೇಹಿತರಿಗೆ ಈ ತೊಂದರೆ ಇಲ್ಲ. ಅಲ್ಲಿ ಯಾರೂ ಏನಾತು ಅನ್ನೋದಿಲ್ಲ, ಯಾವ ಅಪಾರ್ಟ್‌ಮೆಂಟು ಅಂತ ಕೇಳುತ್ತಾರೆ. ಬೆಂಗಳೂರಿಗೆ ಬಂದರೆ ಅದು ಬಡ್ತಿ, ಧಾರವಾಡಕ್ಕೆ ಬಂದರೆ ಹಿಂಬಡ್ತಿ. ಅದರಲ್ಲೂ ಈಗಿನ ಧಾರವಾಡ ಹೊರಡುವವರ ಊರು. ಸಪ್ತಾಪುರದ ಕಡೆ ಹೋದರೆ ಗೋಡೆಗೊಂದು ಕೋಚಿಂಗ್ ಕ್ಲಾಸು, ಕೋಣೆಗೆ ಮೂರು ಹುಡುಗರು, ಪಿಎಸ್‌ಐ, ಕೆಎಎಸ್, ಬ್ಯಾಂಕು. ಎಲ್ಲರ ಕೈಯಲ್ಲೂ ಎಲ್ಲಿಗೋ ಹೋಗುವ ಅರ್ಜಿ. ಅಂಥ ಊರಿಗೆ ಎದುರಿನಿಂದ ಬಂದವಳು ನಾನು.

ನಮ್ಮಲ್ಲಿ ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನುವ ಹಾಗಿಲ್ಲ. ಅಂದರೆ ಅವ್ವ ಹೊಸ್ತಿಲಲ್ಲೇ ತಡೆದು "ಬರ್ತೀನಿ ಅನ್ನ" ಅಂತ ತಿದ್ದುತ್ತಿದ್ದಳು. ವರ್ಷಕ್ಕೊಮ್ಮೆ ಬಂದು, ಮೂರು ವಾರ ಇದ್ದು, ಕಾರು ಹತ್ತುವಾಗ ಇಡೀ ಓಣಿಗೆ ಕೇಳುವಂತೆ "ಬರ್ತೀನಿ" ಅಂದಿದ್ದೇನೆ. ಗಿರಣಿಯವರಿಗೂ ಅಂದಿದ್ದೇನೆ, "ಬರ್ರಿ" ಅಂತ ಅವರೂ ಅಂದಿದ್ದಾರೆ. ಈಗ ಅಂದ ಹಾಗೆ ಬಂದರೆ ದನಿ ಇಳಿಸಿ ಕಾರಣ ಕೇಳುತ್ತಾರೆ! ಹಾಗಾದರೆ ಅಷ್ಟು ವರ್ಷ ನಾವು ಆಡಿಕೊಂಡಿದ್ದಾದರೂ ಏನು?

ಹೊಳ್ಳಿ ಅನ್ನುವ ಮಾತೇ ಹಾಗೆ. ಹೊರಳು ಅನ್ನುವುದು ನಮ್ಮ ಬಾಯಲ್ಲಿ ಹೊಳ್ಳು ಆಗಿದೆ. ಹೊಳ್ಳಿ ನೋಡು ಅಂದರೆ ತಿರುಗಿ ನೋಡು, ಹೊಳ್ಳಿ ಹೇಳು ಅಂದರೆ ಇನ್ನೊಮ್ಮೆ ಹೇಳು. "ಹೊಳ್ಳಿ ಯಾವಾಗ" ಅಂದಾಗ ಗಿರಣಿಯವರು ನಾನು ತಿರುಗಿ ಹೋಗುವುದನ್ನೇ ಕೇಳಿದ್ದರು. ಅವರ ಲೆಕ್ಕದಲ್ಲಿ ನನ್ನ ಮನೆ ಆ ಕಡೆ ಇದೆ, ಇಲ್ಲಿಗೆ ಬರುವುದು ಹೋಗುವುದು, ಅಲ್ಲಿಗೆ ಹೋಗುವುದು ಹೊಳ್ಳಿ ಹೋಗುವುದು. ಯಾವ ವರ್ಷ ಇದು ತಿರುಗಾ ಮುರುಗಾ ಆಯಿತೋ.

ಮಂಗಳವಾರ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ, ಕೊಪ್ಪಿಕರ ರೋಡಿನ ಹತ್ತಿರ ಆಡಿಟರ್ ಕಚೇರಿ. ಅವರು ಏನಾತು ಅನ್ನಲಿಲ್ಲ, "ಎಂದ ಲ್ಯಾಂಡ್ ಆದ್ರಿ?" ಅಂತ ಕೇಳಿ ತಾರೀಖು ಬರೆದುಕೊಂಡರು. ಎನ್‌ಆರ್‌ಇ ಖಾತೆ (ಅನಿವಾಸಿಗಳದ್ದು) ಇನ್ನು ನಡೆಯೋದಿಲ್ಲ, ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆ ಮಾಡಿಸಬೇಕು, ಪೌಂಡನ್ನು ಪೌಂಡಾಗಿಯೇ ಇಡಬೇಕಾದರೆ ಆರ್‌ಎಫ್‌ಸಿ ಖಾತೆ ತೆಗೆಯಬೇಕು ಅಂತೆಲ್ಲ ಹೇಳಿ, ಕೊನೆಗೆ ನನ್ನ ಜಾತಿ ಹೇಳಿದರು: ಆರ್‌ಎನ್‌ಓಆರ್. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು ಬಂದ ಮೇಲೆ ಎರಡು ಮೂರು ವರ್ಷ ಇದರಲ್ಲಿರುತ್ತಾರಂತೆ. ಬಿಡಿಸಿ ಹೇಳಿದರೆ, ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ನಾನು ನಕ್ಕೆ. ಅವರು ತಲೆ ಎತ್ತಿ ನೋಡಿದರು, ತೆರಿಗೆ ವಿಷಯದಲ್ಲಿ ನಗುವವರು ಅವರಿಗೆ ಕಡಿಮೆ ಇರಬೇಕು. ಮಾಳಮಡ್ಡಿಯವರು ಇಡೀ ವಾರ ಹೇಳಲು ಒದ್ದಾಡಿದ್ದನ್ನು ಆದಾಯ ತೆರಿಗೆಯವರು ನಾಲ್ಕು ಅಕ್ಷರದಲ್ಲಿ ಮುಗಿಸಿದ್ದರು.

ವಿದೇಶಿ ವಿನಿಮಯದ ಕಾನೂನು, 1999ರ ಫೆಮಾ, ಇನ್ನೂ ಚೆನ್ನಾಗಿದೆ. ನೌಕರಿಗೆ ಬಂದವರು, ವ್ಯಾಪಾರಕ್ಕೆ ಬಂದವರು ನಿವಾಸಿಗಳು. ಅದು ಬಿಟ್ಟು ಬೇರೆ ಯಾವುದೇ ಉದ್ದೇಶಕ್ಕೆ ಬಂದು, ಎಷ್ಟು ದಿನ ಅಂತ ಗೊತ್ತಿಲ್ಲದೆ ಇಲ್ಲೇ ಇರುವ ಇರಾದೆ ಕಂಡರೂ ನಿವಾಸಿಯೇ. ಬೇರೆ ಯಾವುದೇ ಉದ್ದೇಶ! ಅದು ಯಾವುದು ಅಂತ ಕಾನೂನು ಕೇಳೋದಿಲ್ಲ. ಓಣಿಗಿಂತ ಅದರ ಮನಸ್ಸು ದೊಡ್ಡದು.

ಆದರೆ ಓಣಿಗೆ ನಾನು ಪೂರ್ತಿ ನಿಜವನ್ನೂ ಹೇಳಿಲ್ಲ. "ಹೋಗೂದಿಲ್ಲ" ಅಂದೆನಲ್ಲ, ಬ್ರಿಟನ್ನಿನ ಕಾಯಂ ವಾಸದ ಪರವಾನಗಿ ಇನ್ನೂ ನನ್ನ ಹತ್ತಿರ ಇದೆ. ಸತತ ಎರಡು ವರ್ಷ ಹೊರಗಿದ್ದರೆ ಅದು ತಾನಾಗಿ ಹೋಗುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಲ್ಲ, ಹಾಕುವ ಅಗತ್ಯವಿಲ್ಲ, ಬಾಯಿಪಾಠ ಆಗಿದೆ. ಮಗಳು ಹುಟ್ಟಿದ್ದೇ ಬ್ರಿಟನ್ನಿನ ಪ್ರಜೆಯಾಗಿ, ಇಲ್ಲಿ ಇರಲಿಕ್ಕೆ ಓಸಿಐ ಕಾರ್ಡು. ಅವಳ ಪಾಸ್‌ಪೋರ್ಟು, ನನ್ನದು ಒಂದೇ ಕಪಾಟಿನಲ್ಲಿವೆ. ಬ್ರಿಟನ್ನಿನವರು 2020ರಲ್ಲಿ ಬಣ್ಣ ಬದಲಾಯಿಸಿ ಮತ್ತೆ ನೀಲಿಗೆ ಹೋದ ಮೇಲೆ ಎರಡೂ ದೂರದಿಂದ ಒಂದೇ ಕಾಣುತ್ತವೆ. ಅವ್ವ ಒಂದನ್ನು ತೆಗೆದು "ಇದು ಯಾರದು?" ಅಂತ ಕೇಳುತ್ತಾಳೆ, ನಾವು ಮೇಲಿನ ಮುದ್ರೆಯ ಸಿಂಹ ಎಣಿಸುತ್ತೇವೆ.

ಅವ್ವನಿಗೂ ನನಗೂ ಜಗಳ ಆದದ್ದು ಬುಧವಾರ. ಯಾರೋ ಫೋನಿನಲ್ಲಿ ಕೇಳಿದರು, ನಾನು ಅಭ್ಯಾಸಬಲದಿಂದ "ಅವ್ವಗ ಮೊಣಕಾಲ ನೋವು, ಒಬ್ಬಾಕೀನ ಇರ್ತಾಳ, ಅದಕ್ಕ ಬಂದ್ವಿ" ಅಂದೆ. ಇಟ್ಟ ಕೂಡಲೇ ಅಡಿಗೆ ಮನೆಯಿಂದ ಬಂದಳು.

"ನನ್ನ ಮೊಣಕಾಲಿಗೆ ಯಾಕ ಹಚ್ಚತೀ? ನಾ ಕರದಿದ್ನೇನ?"

ಕರೆದಿರಲಿಲ್ಲ. ನಾಲ್ಕು ದಿನದಲ್ಲಿ ಆ ಮೊಣಕಾಲಿನ ಮೇಲೆ ನಾನು ಏಳು ಮಂದಿಯನ್ನು ದಾಟಿಸಿದ್ದೆ. ಆ ಮೊಣಕಾಲಿನಲ್ಲೇ ಅವಳು ದಿನಾ ಲೈನ್ ಬಜಾರಿನವರೆಗೆ ನಡೆದು ಬರುತ್ತಾಳೆ.

ಹಾಗಾದರೆ ಏನಾತು? ರಾತ್ರಿ ಮಳೆ ಜಿಟಿಜಿಟಿ ಹಿಡಿದಾಗ ಬಿದ್ದುಕೊಂಡು ನನ್ನನ್ನೇ ಕೇಳಿದೆ. ಅಲ್ಲಿ ನಮಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ನೌಕರಿ ಹೋಗಲಿಲ್ಲ. ಪಕ್ಕದ ಮನೆಯ ಮುದುಕರು ನಾವು ಊರಿಗೆ ಬಂದಾಗೆಲ್ಲ ನಮ್ಮ ಕಸದ ಡಬ್ಬಿ ರಸ್ತೆಗೆ ಇಟ್ಟು, ತಿರುಗಿ ಒಳಗೆ ತಂದಿಡುತ್ತಿದ್ದರು. ಅಂಥವರನ್ನು ಬಿಟ್ಟು ಬರಲಿಕ್ಕೆ ಕಾರಣ ಹುಡುಕಿದರೆ ಸಿಗೋದು ಒಂದೇ, ಹೇಳಿದರೆ ಯಾರೂ ನಂಬೋದಿಲ್ಲ: ಅಡಿಗೆ ಕಟ್ಟೆ.

ಜನವರಿಯಲ್ಲಿ ಅಡಿಗೆ ಮನೆ ಹೊಸದಾಗಿ ಮಾಡಿಸೋಣ ಅಂತ ಒಬ್ಬನನ್ನು ಕರೆಸಿದ್ದೆವು. ಅವನು ಅಳತೆ ತೆಗೆದುಕೊಂಡು, ಚಹಾ ಕುಡಿದು, "ಈ ಮನೆಯಲ್ಲಿ ಎಷ್ಟು ವರ್ಷ ಇರ್ತೀರಿ?" ಅಂದ. ಹತ್ತು ವರ್ಷ ಇರೋದಾದರೆ ಕಲ್ಲಿನ ಕಟ್ಟೆ ಹಾಕಿಸಿ, ಇಲ್ಲವಾದರೆ ಲ್ಯಾಮಿನೇಟ್ ಸಾಕು, ಸುಮ್ಮನೆ ಖರ್ಚು. ಇಬ್ಬರೂ ಒಟ್ಟಿಗೇ ಲ್ಯಾಮಿನೇಟ್ ಅಂದೆವು. ಅವನು ಬರೆದುಕೊಂಡ. ಅವನು ಹೋದ ಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆ ಮನೆಗೆ ನಾವು ಹೋಗಿ ಆಗಲೇ ಎಂಟು ವರ್ಷ ಆಗಿತ್ತು.

ಇದನ್ನು ಮೌಶಿಗೆ ಹೇಳಲಿಕ್ಕೆ ಬರುತ್ತದೆಯೇ?

ಶುಕ್ರವಾರ ಮತ್ತೆ ಗಿರಣಿಗೆ ಹೋಗಬೇಕಾಯಿತು. ತಪ್ಪು ನನ್ನದೇ, ರೊಟ್ಟಿ ಕಲಿಯುತ್ತೇನೆ ಅಂತ ಹೊರಟು ಎರಡು ಕಿಲೋ ಹಿಟ್ಟು ನಾಲ್ಕು ದಿನಕ್ಕೆ ಖಾಲಿ ಮಾಡಿದ್ದೆ. ಅಲ್ಲಿದ್ದಾಗ ವೆಂಬ್ಲಿಯ ಗುಜರಾತಿ ಅಂಗಡಿಯಿಂದ ಪಾಕೀಟಿನ ಜೋಳದ ಹಿಟ್ಟು ತರುತ್ತಿದ್ದೆ. ಬೀಸಿ ಎಷ್ಟು ತಿಂಗಳಾಗಿತ್ತೋ, ಜಿಗಿ ಹೋಗಿರುತ್ತಿತ್ತು, ತಟ್ಟಿದರೆ ನಕಾಶೆಯ ಹಾಗೆ ಅಂಚೆಲ್ಲ ಹರಿಯುತ್ತಿತ್ತು. ರೊಟ್ಟಿ ಕೆಟ್ಟಾಗೆಲ್ಲ ಹಿಟ್ಟಿನ ಮೇಲೆ ಹಾಕಿದ್ದೇ ಹಾಕಿದ್ದು. ಈಗ ಬಿಳಿ ಮಾಲದಂಡಿ ಜೋಳ, ಬೀಸಿ ಇನ್ನೂ ಬೆಚ್ಚಗಿರುವ ಹಿಟ್ಟು. ಆದರೂ ಹರಿಯುತ್ತದೆ. ಅವ್ವ ನೋಡಿ ಹೇಳಿದಳು, "ಎಸರು ಕುದೀಲಿಕ್ಕ ಬಿಡೂದಿಲ್ಲ ನೀ. ಕುದಿಯೋ ನೀರ ಬಿದ್ದ್ರ ಹಿಟ್ಟ ಹಿಡಕೋತದ. ಗೋದಿ ಅಲ್ಲ ಇದು, ಬರೀ ನಾದಿದ್ರ ಆಗೂದಿಲ್ಲ." 14 ವರ್ಷ ಪಾಕೀಟಿಗೆ ಬೈದದ್ದು ಸುಳ್ಳೇ ಆಯಿತು.

ಗಿರಣಿಯಲ್ಲಿ ಪಾಳಿ ಇರಲಿಲ್ಲ. ಈಗ ಎಷ್ಟೋ ಮಂದಿ ರೊಟ್ಟಿಯನ್ನೇ ಕೊಂಡು ತರುತ್ತಾರೆ, ಜೋಳದ ಕಲ್ಲು ದಿನದಲ್ಲಿ ಅರ್ಧ ಹೊತ್ತು ಸುಮ್ಮನೆ ಇರುತ್ತದಂತೆ. ಡಬ್ಬಿ ಇಸಗೊಂಡು, ಮುಚ್ಚಳ ತೆಗೆಯದೆ ನಿಂತರು.

"ಸ್ವಲ್ಪ ಕೇಳೂದಿತ್ರಿ." ರೀ ಹೊಳ್ಳಿ ಬಂದಿತ್ತು. "ಸಣ್ಣ ಹುಡುಗ ನರ್ಸಿಂಗ್ ಮುಗಿಸ್ಯಾನ. ಇಂಗ್ಲಂಡಿಗೆ ಹೊಂಟಾನ. ಇಂಗ್ಲಿಷ್ ಪರೀಕ್ಷಾಕ್ಕ ಓದಾಕತ್ತಾನ. ಏಜೆಂಟಗ ರೊಕ್ಕಾ ಕೊಡೂದೈತಿ."

ಅಂದರೆ ಸೋಮವಾರದ ಕನಿಕರ ನನ್ನ ಮೇಲಿನದಲ್ಲ! ನನ್ನ ಮುಖ ಬಿಸಿಯಾಯಿತು. ಗೊತ್ತಿದ್ದದ್ದೆಲ್ಲ ಹೇಳತೊಡಗಿದೆ. ಓಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ, ಆರೋಗ್ಯ ಸೇವೆಯವರ ವೀಸಾಕ್ಕೆ ಬೇರೆಯವರ ಹಾಗೆ ಹೆಲ್ತ್ ಸರ್ಚಾರ್ಜ್ ಅನ್ನೋ ಆರೋಗ್ಯ ಶುಲ್ಕ ಕಟ್ಟಬೇಕಿಲ್ಲ ಅನ್ನೋದು, ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ಪರವಾನಗಿಯನ್ನು ಹತ್ತು ವರ್ಷಕ್ಕೆ ಏರಿಸುವ ಮಾತು 2025ರ ಮೇ ತಿಂಗಳಲ್ಲಿ ಸರ್ಕಾರವೇ ಎತ್ತಿದೆ ಅನ್ನೋದು, ನೌಕರಿಗೆ ಅಂತ ಏಜೆಂಟ್ ರೊಕ್ಕ ಕೇಳಿದರೆ ಹತ್ತು ಸಲ ವಿಚಾರ ಮಾಡಬೇಕು ಅನ್ನೋದು. ಅವರು ಹಿಟ್ಟಿನ ಕೈ ಅಡ್ಡ ಆಡಿಸಿದರು.

"ಅದೆಲ್ಲಾ ಹುಡುಗಗ ಗೊತ್ತೈತ್ರಿ. ನೀವು ಹೇಳ್ರಿ, ಅಲ್ಲೇ ಇದ್ದವರು. ಏನಾತು?"

ಅದೇ ಮಾತು. ದನಿ ಮಾತ್ರ ಇಳಿದಿರಲಿಲ್ಲ. ಮೊಣಕಾಲು ಬಾಯಿಗೆ ಬಂತು, ನುಂಗಿಕೊಂಡೆ. ಅಡಿಗೆ ಕಟ್ಟೆಯ ಕಥೆ ಹೇಳಿದೆ. ಅವನು ಅಳತೆ ತೆಗೆದದ್ದು, ಚಹಾ ಕುಡಿದದ್ದು, ಎಷ್ಟು ವರ್ಷ ಅಂದದ್ದು, ನಾವಿಬ್ಬರೂ ಒಂದೇ ಉಸಿರಿಗೆ ಅಗ್ಗದ್ದು ಸಾಕು ಅಂದದ್ದು. ಹೇಳುತ್ತ ಹೇಳುತ್ತ ನನಗೇ ಇದೇನು ಕಾರಣ ಅನಿಸಿತು. ಅವರು ಪೂರ್ತಿ ಕೇಳಿದರು. ಆಮೇಲೆ ತಿರುಗಿ ತಮ್ಮ ಗಿರಣಿಯನ್ನು ನೋಡಿ, ನನ್ನನ್ನು ನೋಡಿ,

"ಕಲ್ಲ ಹಾಕಸಬೇಕಿತ್ರಿ" ಅಂದರು. "ಕಲ್ಲು ತಾಳಕಿ ಬರತೈತಿ."

ಜೋಳ ಸುರಿದರು. ಮತ್ತೆ ಮಾತು ಕೇಳಿಸದಾಯಿತು. ಬಟ್ಟೆಯ ಸೊಂಡಿಲಿನಿಂದ ಹಿಟ್ಟು ಇಳಿಯುವುದನ್ನು ನೋಡುತ್ತ ನಿಂತೆ. ಡಬ್ಬಿ ಕೈಗೆ ಬಂದಾಗ ಬೆಚ್ಚಗಿತ್ತು. 20ರ ನೋಟು ಕೊಟ್ಟೆ. ಅವರು ಗಲ್ಲಾದಲ್ಲಿ ಹುಡುಕಿ, ಎರಡೆರಡರ ಎರಡು ನಾಣ್ಯ ಎಣಿಸಿ ಕೈಯಲ್ಲಿಟ್ಟರು. 16 ಪೂರಾ ತಗೊಂಡಿದ್ದರು.