ಹೊಟ್ಟೆ ನೀರಿಗೆ ಸೂಜಿ: ಒಂದು ಸಿಎಂಇ ಮಧ್ಯಾಹ್ನ

ಭಾನುವಾರದ ಸಿಎಂಇಗಳಲ್ಲಿ (ವೈದ್ಯರ ಮುಂದುವರಿದ ಕಲಿಕೆಯ ಸಭೆಗಳಲ್ಲಿ) ಊಟವಾದ ಮೇಲಿನ ಉಪನ್ಯಾಸಕ್ಕೆ ಅರ್ಧ ಸಭಾಂಗಣ ತೂಕಡಿಸುವುದು ರೂಢಿ. ಈ ಸಲದ ಜೀರ್ಣಾಂಗ, ಲಿವರ್ ಸಿಎಂಇಯಲ್ಲಿ ಆ ಹೊತ್ತಿಗೆ ಸ್ಲೈಡು ಬಿಟ್ಟು ಮೇಜಿನ ಮೇಲೆ ಸೂಜಿ, ಸಿರಿಂಜು, ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬಾಟಲಿ ಇಟ್ಟಿದ್ದರು. ಯಾರಿಗೂ ನಿದ್ದೆ ಬರಲಿಲ್ಲ. ವಿಷಯ, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ) ರೋಗಿಯ ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರು.

ಚರ್ಚೆ ಶುರುವಾದದ್ದೇ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್‌ಆರ್‌ನಿಂದ. ‘ಐಎನ್‌ಆರ್ 2.1 ಇದೆ, ಎಫ್‌ಎಫ್‌ಪಿ ಹಾಕಿ ನಾಳೆ ಟ್ಯಾಪ್ ಮಾಡೋಣ’ ಎನ್ನುವುದು ವಾರ್ಡುಗಳಲ್ಲಿ ದಿನವೂ ಕೇಳುವ ಮಾತು. ಅಂದರೆ ರಕ್ತಸ್ರಾವದ ಭಯಕ್ಕೆ ಮೊದಲು ಪ್ಲಾಸ್ಮಾ (ಎಫ್‌ಎಫ್‌ಪಿ) ಕೊಟ್ಟು, ಆಮೇಲೆ ಸೂಜಿ ಚುಚ್ಚಿ ನೀರು ತೆಗೆಯುವುದು (ಟ್ಯಾಪ್). ಆದರೆ ಲಿವರ್ ಕೆಟ್ಟಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಜೊತೆ ಅದನ್ನು ತಡೆಯುವ ಅಂಶಗಳೂ ಇಳಿದಿರುತ್ತವೆ. ಐಎನ್‌ಆರ್ ಮೊದಲನೆಯದನ್ನಷ್ಟೇ ತೋರಿಸುತ್ತದೆ. ಡಿಐಸಿ (ಮೈಯೆಲ್ಲ ರಕ್ತ ಹೆಪ್ಪುಗಟ್ಟಿ, ಆಮೇಲೆ ರಕ್ತಸ್ರಾವವಾಗುವ ಸ್ಥಿತಿ) ಇಲ್ಲದಿದ್ದರೆ ಕಾಯಬೇಕಿಲ್ಲ. ದಾಖಲಾದ ದಿನವೇ, ಆಂಟಿಬಯಾಟಿಕ್‌ಗೆ ಮೊದಲೇ ಸೂಜಿ.

ಜಾಗ: ಎಡಗಡೆ ಸೊಂಟದ ಮೂಳೆಯ ಮುಂದಿನ ತುದಿಯಿಂದ 3 ಸೆಂ.ಮೀ. ಮೇಲೆ, 3 ಸೆಂ.ಮೀ. ಹೊಟ್ಟೆಯ ನಡುವಿನ ಕಡೆಗೆ. ಇನ್ನೂ ನಡುವಿಗೆ ಸರಿದರೆ ಹೊಟ್ಟೆಯ ಗೋಡೆಯ ಎಪಿಗ್ಯಾಸ್ಟ್ರಿಕ್ ರಕ್ತನಾಳ ಸಿಕ್ಕೀತು. ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು ಚುಚ್ಚಿದರೆ, ಸೂಜಿ ತೆಗೆದಾಗ ದಾರಿ ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಜಿನುಗುವುದು ಕಡಿಮೆ. ಕಲ್ಚರ್ ಬಾಟಲಿಗೆ ಹಾಸಿಗೆಯ ಪಕ್ಕದಲ್ಲೇ 10 ಮಿ.ಲೀ. ಹಾಕಬೇಕು, ಬರೀ ಟ್ಯೂಬಿನಲ್ಲಿ ಲ್ಯಾಬಿಗೆ ಕಳಿಸಿದರೆ ಸೋಂಕಿದ್ದರೂ ಏನೂ ಬೆಳೆಯದೆ ಹೋಗುವುದೇ ಹೆಚ್ಚು.

ಎಡವುವುದು ನೀರಿನಲ್ಲಿರುವ ನ್ಯೂಟ್ರೋಫಿಲ್‌ಗಳ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) ಲೆಕ್ಕದಲ್ಲಿ. ರಿಪೋರ್ಟಿನಲ್ಲಿ ‘ಒಟ್ಟು ಕಣ 500, ನ್ಯೂಟ್ರೋಫಿಲ್ ಶೇ. 60’ ಎಂದಿದ್ದರೆ 500 ನೋಡಿ ಸುಮ್ಮನಾಗುವವರಿದ್ದಾರೆ. ಗುಣಿಸಿದರೆ ನ್ಯೂಟ್ರೋಫಿಲ್ 300, ಅಂದರೆ 250ರ ಗಡಿ ದಾಟಿತು, ಹೊಟ್ಟೆ ನೀರಿಗೆ ತಾನಾಗಿ ಸೋಂಕು ತಗಲಿದೆ, ಅದು ಎಸ್‌ಬಿಪಿ. ನೀರಲ್ಲಿ ರಕ್ತ ಬೆರೆತಿದ್ದರೆ ಪ್ರತಿ 250 ಕೆಂಪುಕಣಕ್ಕೆ ಒಂದು ನ್ಯೂಟ್ರೋಫಿಲ್ ಕಳೆಯಬೇಕು. ಚಿಕಿತ್ಸೆಗೆ ಕಲ್ಚರ್ ರಿಪೋರ್ಟ್ ಬರುವವರೆಗೆ ಕಾಯುವಂತಿಲ್ಲ.

ಆಂಟಿಬಯಾಟಿಕ್ ಎಲ್ಲರಿಗೂ ನೆನಪಿರುತ್ತದೆ, ಆಲ್ಬುಮಿನ್ (ರಕ್ತದ ಪ್ರೋಟೀನ್, ನರಕ್ಕೆ ಹನಿಸುವಂಥದ್ದು) ಮರೆತುಹೋಗುತ್ತದೆ. ಬೆಲೆಯೂ ಕಾರಣ ಅನ್ನಿ. ಆದರೆ ಕಿಡ್ನಿ ಉಳಿಸುವುದು ಅದೇ: ಮೊದಲ ದಿನ ಕೆ.ಜಿ.ಗೆ 1.5 ಗ್ರಾಂ, ಮೂರನೇ ದಿನ 1 ಗ್ರಾಂ. 60 ಕೆ.ಜಿ. ರೋಗಿಗೆ ಮೊದಲ ದಿನ 90 ಗ್ರಾಂ, ಅಂದರೆ ಶೇ. 20ರ 100 ಮಿ.ಲೀ. ಬಾಟಲಿ ನಾಲ್ಕೂವರೆ. ಸೋಂಕಿಲ್ಲದೆ 5 ಲೀಟರ್‌ಗಿಂತ ಹೆಚ್ಚು ನೀರು ತೆಗೆದರೆ, ತೆಗೆದ ಪ್ರತಿ ಲೀಟರ್‌ಗೆ 6ರಿಂದ 8 ಗ್ರಾಂ.

ಪಥ್ಯದ ಪ್ರಶ್ನೆಗೆ ಉತ್ತರ ಚುಟುಕು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿ, ಬೇಳೆ, ಮೊಟ್ಟೆ, ಮೊಸರು ಬಿಡಿಸಬೇಡಿ, ಮಲಗುವ ಮುಂಚೆ ಏನಾದರೂ ತಿನ್ನಲಿ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ, ಈ ರೋಗಿಗಳ ಕಿಡ್ನಿಗೆ ಹೊಡೆತ ಕೊಡುವ ಡೈಕ್ಲೋಫೆನಾಕ್ ಬಗ್ಗೆ ಮಾತ್ರ ಕೆದಕಿ ಕೇಳಬೇಕು. ಅದು ಮಾತ್ರೆ ಚೀಟಿಯಲ್ಲಿ ಇರುವುದಿಲ್ಲ.